ಎರೆನೆಲದ ಮೇಲೊಂದು ಮನೆ



ಪ್ರತಿ ವರ್ಷ ನವೆಂಬರ್ 9ರಂದು ಧರ್ಮಸಭೆ ಒಂದು ಅಪರೂಪದ ಹಬ್ಬವನ್ನು ಆಚರಿಸುತ್ತದೆ. ಅಂದು ನಾವು ಯಾವ ಸಂತರ ಮರಣವನ್ನೂ ಸ್ಮರಿಸುವುದಿಲ್ಲ, ಯಾವ ಅದ್ಭುತವನ್ನೂ ಕೊಂಡಾಡುವುದಿಲ್ಲ. ಒಂದು ಕಟ್ಟಡವನ್ನು ಸ್ಮರಿಸುತ್ತೇವೆ. ರೋಮ್ ನಗರದ ಲ್ಯಾಟರನ್ ಮಹಾದೇವಾಲಯ 324ರಲ್ಲಿ ಪ್ರತಿಷ್ಠಾಪನೆಗೊಂಡ ನೆನಪಿನ ಹಬ್ಬವದು. "ಎಲ್ಲಿಯ ರೋಮ್, ಎಲ್ಲಿಯ ಸಿಂಧನೂರು! ಅಲ್ಲಿಯ ಗೋಡೆಗೆ ಇಲ್ಲಿ ಯಾಕೆ ಹಬ್ಬ?" ಎಂದು ಹಿರಿಯರೊಬ್ಬರು ನಮ್ಮನ್ನು ಕೇಳಿದ್ದುಂಟು. ಪ್ರಶ್ನೆ ನ್ಯಾಯವಾದದ್ದೇ.

ಆ ದೇವಾಲಯದ ಚರಿತ್ರೆಯನ್ನು ನೋಡಿದರೆ ಪ್ರಶ್ನೆ ಇನ್ನೂ ಗಟ್ಟಿಯಾಗುತ್ತದೆ. ಒಂಬತ್ತನೆಯ ಶತಮಾನದ ಕೊನೆಯಲ್ಲಿ ಭೂಕಂಪ ಅದನ್ನು ಕೆಡವಿತು. ಹದಿನಾಲ್ಕನೆಯ ಶತಮಾನದಲ್ಲಿ ಎರಡು ಸಲ ಬೆಂಕಿ ಬಿತ್ತು. ಇಂದು ಯಾತ್ರಿಕರು ನಿಂತು ನೋಡುವ ಮುಂಭಾಗದ ಭವ್ಯ ಗೋಡೆ ಕಟ್ಟಿದ್ದು ಹದಿನೆಂಟನೆಯ ಶತಮಾನದಲ್ಲಿ. ಅಂದರೆ ಹದಿನೇಳು ಶತಮಾನಗಳಿಂದ 'ನಿಂತಿದೆ' ಎಂದು ನಾವು ಹೇಳುವ ಕಟ್ಟಡ ನಿಜವಾಗಿ ಬಿದ್ದಿದೆ, ಸುಟ್ಟಿದೆ, ಮತ್ತೆ ಮತ್ತೆ ಕಟ್ಟಲ್ಪಟ್ಟಿದೆ. ಹಾಗಾದರೆ ಸ್ಥಿರತೆ ಎಂದರೇನು? ಅಲುಗದೆ ಇರುವುದೇ? ಈ ಪ್ರಶ್ನೆಗೆ ಉತ್ತರ ಹುಡುಕಲು ರೋಮಿಗೆ ಹೋಗಬೇಕಾಗಿಲ್ಲ. ಬಳ್ಳಾರಿಯಿಂದ ಸಿರುಗುಪ್ಪ ದಾಟಿ ಸಿಂಧನೂರು, ಮಸ್ಕಿ, ಲಿಂಗಸುಗೂರು ಕಡೆಗೆ ಹೋಗುವ ಹೆದ್ದಾರಿಯಲ್ಲಿ ಒಮ್ಮೆ ಪ್ರಯಾಣ ಮಾಡಿದರೆ ಸಾಕು.

ಆ ರಸ್ತೆಯಲ್ಲಿ ಬಸ್ಸು ಓಡುವುದಕ್ಕಿಂತ ತೇಲುವುದೇ ಹೆಚ್ಚು ಎಂದು ಅನ್ನಿಸುವ ಕಡೆಗಳಿವೆ. ಗುಂಡಿ ಇಲ್ಲ, ಆದರೂ ರಸ್ತೆ ಅಲೆ ಅಲೆಯಾಗಿ ಏಳುತ್ತದೆ, ಇಳಿಯುತ್ತದೆ. ನಾವು ಗುತ್ತಿಗೆದಾರರನ್ನು ಬೈಯುತ್ತೇವೆ. ಬೈಗುಳದಲ್ಲಿ ಅರ್ಧ ಪಾಲು ಮಣ್ಣಿಗೆ ಸೇರಬೇಕು. ಸಿಂಧನೂರು ಸೀಮೆಯದು ಎರೆಭೂಮಿ. ಹತ್ತಿಗೂ ಜೋಳಕ್ಕೂ ತಾಯಿಯಂಥ ಕಪ್ಪು ಮಣ್ಣು. ಕಟ್ಟಡಕ್ಕೆ ಮಾತ್ರ ಮಲತಾಯಿ. ಬೇಸಿಗೆಯಲ್ಲಿ ಹೊಲಕ್ಕೆ ಹೋಗಿ ನೋಡಿ: ಕೈ ಇಳಿಯುವಷ್ಟು ಅಗಲದ ಬಿರುಕುಗಳು ಬಾಯಿಬಿಟ್ಟಿರುತ್ತವೆ. ಮಳೆ ಬಿದ್ದು ವಾರ ಕಳೆದರೆ ಅದೇ ನೆಲ ಊದಿಕೊಂಡು, ಬಿರುಕು ಮುಚ್ಚಿ, ಕಾಲಿಗೆ ಸೇರುಗಟ್ಟಲೆ ಅಂಟುತ್ತದೆ.

ಇದರ ಕಾರಣ ಮಣ್ಣಿನ ಕಣದೊಳಗಿದೆ. ಎರೆಮಣ್ಣಿನಲ್ಲಿ ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ಖನಿಜ ಹೇರಳವಾಗಿರುತ್ತದೆ. ಅದರ ರಚನೆ ಪುಸ್ತಕದ ಹಾಳೆಗಳನ್ನು ಜೋಡಿಸಿಟ್ಟ ಹಾಗೆ. ನೀರು ಆ ಹಾಳೆಗಳ ನಡುವೆ ನುಗ್ಗಿ ಅವುಗಳನ್ನು ದೂರ ತಳ್ಳುತ್ತದೆ, ಆಗ ಮಣ್ಣು ಹಿಗ್ಗುತ್ತದೆ. ನೀರು ಆರಿದಾಗ ಹಾಳೆಗಳು ಹತ್ತಿರ ಬರುತ್ತವೆ, ಮಣ್ಣು ಕುಗ್ಗುತ್ತದೆ. ಮನೆ ಕಟ್ಟಿದ ಮೇಲೆ ಈ ಆಟ ಇನ್ನೂ ಜಟಿಲವಾಗುತ್ತದೆ. ಮನೆಯ ನಡುಭಾಗದ ಕೆಳಗಿನ ಮಣ್ಣಿಗೆ ಬಿಸಿಲೂ ಇಲ್ಲ, ಮಳೆಯೂ ಇಲ್ಲ; ಅದು ಒಂದೇ ಹದದಲ್ಲಿ ಇರುತ್ತದೆ. ಅಂಚಿನ ಮಣ್ಣು ಮಾತ್ರ ಮಳೆಗಾಲದಲ್ಲಿ ಏಳುತ್ತದೆ, ಬೇಸಿಗೆಯಲ್ಲಿ ಇಳಿಯುತ್ತದೆ. ಒಂದೇ ಗೋಡೆಯ ಒಂದು ತುದಿ ಏರಿ ಇನ್ನೊಂದು ತುದಿ ನಿಂತಲ್ಲೇ ನಿಂತರೆ ಏನಾದೀತು? ಕಿಟಕಿಯ ಮೂಲೆಯಿಂದ ಓರೆಯಾಗಿ ಬಿರುಕು ಹೊರಡುತ್ತದೆ. ಗಮನಿಸಬೇಕಾದ ಸಂಗತಿ: ಮನೆ ಒಡೆಯುವುದು ಭಾರದಿಂದಲ್ಲ, ಮನೆಯ ಎಲ್ಲ ಭಾಗವೂ ಒಂದೇ ಆಧಾರದ ಮೇಲೆ ನಿಂತಿಲ್ಲವಾದ್ದರಿಂದ.

ಸಿಂಧನೂರಿನ ಹೊರವಲಯದಲ್ಲಿ ನಮಗೆ ಪರಿಚಯದ ಅಣ್ಣತಮ್ಮಂದಿರ ಕುಟುಂಬವೊಂದಿದೆ. ತಮ್ಮ ಬೆಂಗಳೂರಿನಲ್ಲಿ ದುಡಿಯುತ್ತಾನೆ, ಅಣ್ಣ ಊರಲ್ಲಿ. ತಮ್ಮ ಕಳಿಸಿದ ಹಣಕ್ಕೆ ಬ್ಯಾಂಕಿನ ಸಾಲ ಸೇರಿಸಿ ಅಣ್ಣ ನಿಂತು ಮನೆ ಕಟ್ಟಿಸಿದ. ಎದುರಿಗೆ ಚೆಂದದ ಪೋರ್ಟಿಕೊ, ಹೊಳೆಯುವ ಟೈಲ್ಸು. ಗೃಹಪ್ರವೇಶದ ದಿನ ಪ್ರಾರ್ಥನೆ ಮಾಡಿ, ಮನೆಯನ್ನು ಆಶೀರ್ವದಿಸಿ, ಊಟ ಮಾಡಿ ಬಂದೆವು. ಮೂರನೆಯ ಮಳೆಗಾಲಕ್ಕೆ ಮಲಗುವ ಕೋಣೆಯ ಕಿಟಕಿಯಿಂದ ಸೂರಿನವರೆಗೆ ಬಿರುಕು. ಅಣ್ಣ ಗೌಂಡಿಯನ್ನು ದೂರಿದ. ಗೌಂಡಿ ಮಣ್ಣನ್ನು ದೂರಿದ. ತಮ್ಮ ಅಣ್ಣನನ್ನು ದೂರಿದ. ದೀಪಾವಳಿಗೆ ಬರುತ್ತಿದ್ದ ತಮ್ಮ ಬರುವುದನ್ನು ಬಿಟ್ಟ. ಗೋಡೆಯ ಬಿರುಕು ಒಂದು ಬೆರಳಿನಷ್ಟು, ಮನೆಯ ಬಿರುಕಿಗೆ ಅಳತೆಯೇ ಇಲ್ಲ. ಅವರ ತಾಯಿ ನಮ್ಮ ಮುಂದೆ ಅತ್ತಾಗ ನಮಗೆ ಹೇಳಲು ಏನೂ ತೋಚಲಿಲ್ಲ.

ಇಲ್ಲಿ ಪ್ರಭು ಯೇಸು ಹೇಳಿದ ಎರಡು ಮನೆಗಳ ಸಾಮತಿ ನೆನಪಾಗುತ್ತದೆ. ಬಂಡೆಯ ಮೇಲೆ ಕಟ್ಟಿದವನ ಮನೆ ನಿಂತಿತು, ಇನ್ನೊಬ್ಬನ ಮನೆ ಬಿತ್ತು ಎಂಬುದು ಎಲ್ಲರಿಗೂ ಗೊತ್ತು. ಮತ್ತಾಯ ಮತ್ತು ಲೂಕ ಇಬ್ಬರೂ ಇದನ್ನು ಬರೆದಿದ್ದಾರೆ. ಆದರೆ ಲೂಕನ ಶುಭಸಂದೇಶದಲ್ಲಿ ಒಂದು ವಿವರ ಹೆಚ್ಚಾಗಿದೆ: ಆ ಬುದ್ಧಿವಂತ ಮೊದಲು ಆಳವಾಗಿ ಅಗೆಯುತ್ತಾನೆ, ಆಮೇಲೆ ಬಂಡೆಯ ಮೇಲೆ ಅಡಿಪಾಯ ಹಾಕುತ್ತಾನೆ. ಬಂಡೆ ಮೇಲ್ಗಡೆ ಕಾಣುವಂತಿರಲಿಲ್ಲ. ಎರಡು ಮನೆಗಳೂ ಒಂದೇ ಬಯಲಿನಲ್ಲಿ, ಒಂದೇ ಮಣ್ಣಿನ ಮೇಲೆ ಇದ್ದಿರಬಹುದು. ವ್ಯತ್ಯಾಸವಿದ್ದದ್ದು ಅಗೆತದಲ್ಲಿ. ಎರೆನೆಲದವರಿಗೆ ಈ ಲೂಕನೇ ಹತ್ತಿರದವನು.

ನಮ್ಮ ದೇಶದ ಎಂಜಿನಿಯರುಗಳು ಎರೆಮಣ್ಣಿನ ಜೊತೆ ಬಹಳ ಕಾಲ ಹೆಣಗಾಡಿದ್ದಾರೆ. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ 1950ರ ದಶಕದಿಂದ ಇದಕ್ಕಾಗಿಯೇ ಒಂದು ಬಗೆಯ ಕಾಂಕ್ರೀಟ್ ಕಂಬವನ್ನು ರೂಪಿಸಿತು. ನೆಲದಲ್ಲಿ ಕೊಳವೆಯಂತೆ ರಂಧ್ರ ಕೊರೆದು, ಕೆಳತುದಿಯನ್ನು ಗಡ್ಡೆಯ ಹಾಗೆ ಅಗಲ ಮಾಡಿ, ಕಬ್ಬಿಣ ಇಳಿಸಿ ಕಾಂಕ್ರೀಟ್ ತುಂಬುತ್ತಾರೆ. ಸಾಮಾನ್ಯವಾಗಿ ಮೂರೂವರೆ ಮೀಟರಿಗೆ ಕಡಿಮೆ ಇಲ್ಲದಂತೆ ಇಳಿಸುತ್ತಾರೆ. ಯಾಕೆ ಅಷ್ಟು ಆಳ? ಮಳೆ ಬಿಸಿಲುಗಳ ಪ್ರಭಾವ ಒಂದು ಆಳದವರೆಗೆ ಮಾತ್ರ ತಲುಪುತ್ತದೆ. ಅದರ ಕೆಳಗೆ ಅದೇ ಎರೆಮಣ್ಣೇ ಇದ್ದರೂ ಅದು ಋತುಮಾನಕ್ಕೆ ತಕ್ಕಂತೆ ಕುಣಿಯುವುದಿಲ್ಲ. ಮುಂಬೈ ಐಐಟಿಯ ಪ್ರೊ. ಆರ್.ಕೆ. ಕಟ್ಟಿಯವರು ಇದೇ ತತ್ವವನ್ನು ಇನ್ನೊಂದು ಬಗೆಯಲ್ಲಿ ಬಳಸಿದರು: ಎರೆಮಣ್ಣಿನ ಮೇಲೆ ಹಿಗ್ಗದ, ಆದರೆ ಅಂಟುಗುಣವಿರುವ ಮಣ್ಣನ್ನು ಸುಮಾರು ಒಂದು ಮೀಟರ್ ದಪ್ಪ ಹಾಸಿದರೆ ಕೆಳಗಿನ ಮಣ್ಣು ತಣ್ಣಗಿರುತ್ತದೆ ಎಂದು ತೋರಿಸಿದರು. ಕಪ್ಪು ಮಣ್ಣಿನಲ್ಲಿ ಹಾಯುವ ನಾಲೆಗಳಿಗೆ ಇದು ಬಹಳ ಉಪಕಾರಿಯಾಯಿತು. ಅಷ್ಟು ಅನುಕೂಲವಿಲ್ಲದ ಬಡವರ ಮನೆಗೂ ಗಟ್ಟಿ ನೆಲ ಸಿಗುವವರೆಗೆ ತೋಡಿ ಗರಸು ತುಂಬಿಸುವುದು, ಗೋಡೆಯ ಸುತ್ತ ಕಲ್ಲುಹಾಸು ಹಾಕಿ ನೀರು ದೂರ ಹರಿಯುವಂತೆ ಮಾಡುವುದು ಸಾಧ್ಯವಿದೆ. ಸ್ನಾನದ ಮನೆಯ ನೀರನ್ನು ಗೋಡೆಯ ಬುಡಕ್ಕೇ ಬಿಟ್ಟು ಅಲ್ಲೊಂದು ದಾಸವಾಳ ನೆಡುವ ನಮ್ಮ ಅಭ್ಯಾಸ ನೋಡಲು ಚೆಂದ, ಬುನಾದಿಗೆ ವಿಷ.

ಆ ಕಾಂಕ್ರೀಟ್ ಕಂಬಗಳ ವಿಷಯದಲ್ಲಿ ನಮ್ಮನ್ನು ಬೆರಗುಗೊಳಿಸಿದ್ದು ಇನ್ನೊಂದು ಸಂಗತಿ. ಕಂಬಗಳ ಮೇಲೆ ಗೋಡೆಯನ್ನು ಹೊರುವ ತೊಲೆ ಇರುತ್ತದಲ್ಲ, ಅದರ ಅಡಿಗೂ ನೆಲಕ್ಕೂ ನಡುವೆ ಸುಮಾರು ಮೂರು ಇಂಚು ಖಾಲಿ ಜಾಗ ಬಿಡುತ್ತಾರೆ. ಯಾಕೆಂದರೆ ಮಣ್ಣು ಹಿಗ್ಗಿಯೇ ಹಿಗ್ಗುತ್ತದೆ. ಅದನ್ನು ತಡೆಯಲು ಹೋದರೆ ಮನೆಯನ್ನೇ ಎತ್ತಿಬಿಡುತ್ತದೆ. ಹಿಗ್ಗಲು ಜಾಗ ಬಿಟ್ಟರೆ ಅದು ಹಿಗ್ಗಿ, ಕುಗ್ಗಿ ಸುಮ್ಮನಾಗುತ್ತದೆ. ಗಟ್ಟಿತನ ಎಂದರೆ ಎಲ್ಲವನ್ನೂ ಒತ್ತಿ ಹಿಡಿಯುವುದು ಎಂದು ತಿಳಿದಿದ್ದ ನಮಗೆ ಇದು ಹೊಸ ಪಾಠ.

ಮನುಷ್ಯನ ಸ್ವಭಾವದಲ್ಲೂ ಋತುಗಳು ಮುಟ್ಟುವ ಒಂದು ಪದರವಿದೆ. ಫಸಲು ಚೆನ್ನಾಗಿ ಬಂದರೆ ಹಿಗ್ಗು, ದರ ಬಿದ್ದರೆ ಕುಗ್ಗು. ಯಾರಾದರೂ ಹೊಗಳಿದರೆ ಏರುತ್ತೇವೆ, ಪಾಲಿನ ಮಾತು ಬಂದರೆ ಒಡೆಯುತ್ತೇವೆ. ಈ ಪದರವನ್ನು ಕಿತ್ತೆಸೆಯಲು ಆಗುವುದಿಲ್ಲ, ಕಿತ್ತೆಸೆಯಬೇಕಾಗಿಯೂ ಇಲ್ಲ. ಬೆಳೆ ಬರುವುದು ಅಲ್ಲಿಯೇ. ಪ್ರಶ್ನೆ ಇರುವುದು, ನಮ್ಮ ಮಾತು, ನಮ್ಮ ಸಂಬಂಧ, ನಮ್ಮ ತೀರ್ಮಾನಗಳ ಭಾರವನ್ನು ಆ ಪದರದ ಮೇಲೆ ಇಟ್ಟಿದ್ದೇವೆಯೇ, ಅದರ ಕೆಳಗೆ ಇಳಿಸಿದ್ದೇವೆಯೇ ಎಂಬುದು. ಕೆಳಗೆ ಇಳಿಯುವುದೆಂದರೇನು ಎಂಬುದನ್ನು ಅದೇ ರಸ್ತೆಯಲ್ಲಿ ಮುಂದೆ ಸಿಗುವ ಊರು ಹೇಳುತ್ತದೆ.

ಹಿಂದೆ ಲಿಂಗಸುಗೂರು ತಾಲೂಕಿಗೆ ಸೇರಿದ್ದು ಈಗ ತಾನೇ ತಾಲೂಕು ಕೇಂದ್ರವಾಗಿರುವ ಮಸ್ಕಿಯಲ್ಲಿ, ಊರ ಪಕ್ಕದ ಗುಡ್ಡದ ಬಂಡೆಯೊಂದರ ಮೇಲೆ ಕ್ರಿ.ಪೂ. 3ನೆಯ ಶತಮಾನದ ಬ್ರಾಹ್ಮಿ ಲಿಪಿಯ ಶಾಸನವಿದೆ. 1915ರಲ್ಲಿ ಚಿನ್ನದ ನಿಕ್ಷೇಪ ಹುಡುಕುತ್ತಿದ್ದ ಬೀಡನ್ ಎಂಬ ಗಣಿ ಎಂಜಿನಿಯರ್ ಅದನ್ನು ಕಂಡರು. ಆವರೆಗೆ ದೊರೆತ ಶಾಸನಗಳಲ್ಲೆಲ್ಲ ರಾಜನನ್ನು 'ದೇವಾನಾಂಪ್ರಿಯ', 'ಪ್ರಿಯದರ್ಶಿ' ಎಂಬ ಬಿರುದುಗಳಿಂದಲೇ ಕರೆಯಲಾಗಿತ್ತು. ಮಸ್ಕಿಯ ಬಂಡೆಯಲ್ಲಿ ಮೊದಲ ಬಾರಿಗೆ 'ಅಶೋಕ' ಎಂಬ ಹೆಸರೇ ಸಿಕ್ಕಿತು. ಇದು ಶಾಲೆಯ ಪುಸ್ತಕದಲ್ಲಿದೆ, ಎಲ್ಲರಿಗೂ ತಿಳಿದಿದೆ. ಹೆಸರಿನ ಸಂಭ್ರಮದಲ್ಲಿ ಶಾಸನ ಏನು ಹೇಳುತ್ತದೆ ಎಂಬುದನ್ನು ಕೇಳುವವರು ಕಡಿಮೆ.

ಅದು ಯುದ್ಧದ ಗೆಲುವನ್ನು ಸಾರುವ ಶಾಸನವಲ್ಲ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ ಮೊದಲಾದ ಕಡೆ ಇರುವ ಇದೇ ಶಾಸನದ ಪ್ರತಿಗಳನ್ನು ಕೂಡಿಸಿ ಓದಿದರೆ ತಿಳಿಯುವುದು ಇಷ್ಟು: ತಾನು ಉಪಾಸಕನಾಗಿ ಎರಡೂವರೆ ವರ್ಷ ಕಳೆಯಿತು, ಆದರೆ ಮೊದಲ ಒಂದು ವರ್ಷ ತಾನು ಹೆಚ್ಚಿನ ಪ್ರಯತ್ನವನ್ನೇ ಮಾಡಲಿಲ್ಲ, ಸಂಘದ ಸಮೀಪ ಬಂದ ಮೇಲೆಯೇ ಶ್ರಮಿಸಿದೆ ಎಂದು ರಾಜ ಒಪ್ಪಿಕೊಳ್ಳುತ್ತಾನೆ. ದೊಡ್ಡವರಿಗೆ ಮಾತ್ರವಲ್ಲ, ಸಣ್ಣವರಿಗೂ ಈ ಪ್ರಯತ್ನ ಸಾಧ್ಯ ಎನ್ನುತ್ತಾನೆ. ಕೊನೆಗೆ ಅದು ಬಹುಕಾಲ ನಿಲ್ಲಲಿ, ಬೆಳೆಯಲಿ ಎಂದು ಹಾರೈಸುತ್ತಾನೆ. ಅಲ್ಲಿ ಬಳಸಿರುವ ಪ್ರಾಕೃತ ಪದ 'ಚಿರಠಿತಿಕ', ಅಂದರೆ ನಮ್ಮ 'ಚಿರಸ್ಥಿತಿ'. ಉಪಖಂಡದ ಬಹುಭಾಗವನ್ನು ಆಳಿದ ಅರಸ ಬಹುಕಾಲ ನಿಲ್ಲಬೇಕೆಂದು ಬಯಸಿದ್ದು ತನ್ನ ಕೋಟೆಯನ್ನಲ್ಲ, ಒಂದು ಪ್ರಯತ್ನವನ್ನು. ಆ ಬಯಕೆಯ ಬುನಾದಿಗೆ ಅವನು ಇಟ್ಟ ಕಲ್ಲು ತನ್ನ ಆಲಸ್ಯದ ಒಪ್ಪಿಗೆ. ಇದಕ್ಕಿಂತ ಆಳಕ್ಕೆ ಅಗೆದವರು ರಾಜರಲ್ಲಿ ಎಷ್ಟು ಜನ? ಬಂಡೆಯ ಅಕ್ಷರಗಳು ಅಲ್ಲಲ್ಲಿ ಒಡೆದಿವೆ. ಒಪ್ಪಿಗೆಯ ಮಾತು ಇನ್ನೂ ಉಳಿದಿದೆ.

ಸಂತ ಪೇತ್ರರ ಹೆಸರಿನ ಅರ್ಥವೂ ಬಂಡೆಯೇ ಅಲ್ಲವೇ? ಅಂಥ ಹೆಸರಿನ ಅವರು ನೀರಿನ ಮೇಲೆ ಹೆದರಿದ್ದು ಇರಲಿ, ಅಂಗಳದ ಬೆಂಕಿಯ ಬಳಿ ಮೂರು ಸಲ ಇಲ್ಲವೆಂದದ್ದು ಇರಲಿ, ಶುಭಸಂದೇಶಗಳು ಯಾವುದನ್ನೂ ಮುಚ್ಚಿಡಲಿಲ್ಲ. ಮುಚ್ಚಿಟ್ಟಿದ್ದರೆ ನಾವು ಅವರನ್ನು ಇಷ್ಟು ನಂಬುತ್ತಿದ್ದೆವೋ ಇಲ್ಲವೋ.

ಇನ್ನು ನಮ್ಮೆಲ್ಲರ ಅನ್ನದ ಆಧಾರವಾದ ತುಂಗಭದ್ರೆಯ ಮಾತು. 1953ರಲ್ಲಿ ಪೂರ್ಣಗೊಂಡ ಈ ಅಣೆಕಟ್ಟು ಕಲ್ಲಿನ ಕಟ್ಟೋಣ. ತನ್ನ ಭಾರದಿಂದಲೇ ನೀರಿನ ಒತ್ತಡವನ್ನು ತಡೆದು ನಿಲ್ಲುವಂಥದ್ದು. ಅದರ ನೆತ್ತಿಯಲ್ಲಿ 33 ಕ್ರೆಸ್ಟ್ ಗೇಟುಗಳು, ಒಂದೊಂದೂ 60 ಅಡಿ ಅಗಲ, 20 ಅಡಿ ಎತ್ತರ. 2024ರ ಆಗಸ್ಟ್ 10ರ ರಾತ್ರಿ, ಜಲಾಶಯ ತುಂಬಿದ್ದಾಗಲೇ, 19ನೆಯ ಗೇಟಿನ ಚೈನ್ ತುಂಡಾಗಿ ಗೇಟು ಕೊಚ್ಚಿಹೋಯಿತು. ಆ ದಿನಗಳನ್ನು ಸಿಂಧನೂರು, ಮಾನ್ವಿ, ಗಂಗಾವತಿಯ ಯಾವ ರೈತನೂ ಮರೆಯಲಾರ. ಆಗಷ್ಟೇ ಭತ್ತದ ನಾಟಿ ಮಾಡಿ, ಗೊಬ್ಬರಕ್ಕೆ ಸಾಲ ಮಾಡಿ ಕೂತವರು ಟಿ.ವಿ. ಮುಂದೆ ಊಟ ಬಿಟ್ಟು ಕುಳಿತರು. ಕಟ್ಟೆಯ ಮೇಲಿನ ಒತ್ತಡ ತಗ್ಗಿಸಲು ಉಳಿದ ಗೇಟುಗಳನ್ನೂ ತೆರೆಯಬೇಕಾಯಿತು. ಕಾದಿಟ್ಟ ನೀರನ್ನು ಕೈಯಾರೆ ಹೊಳೆಗೆ ಬಿಡಬೇಕಾಯಿತು. ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಕಾರ್ಮಿಕರು ಹರಿಯುವ ನೀರಿನ ಮಧ್ಯೆಯೇ ಆಗಸ್ಟ್ 16 ಮತ್ತು 17ರಂದು ತಾತ್ಕಾಲಿಕ ಸ್ಟಾಪ್‌ಲಾಗ್ ಹಲಗೆಗಳನ್ನು ಇಳಿಸಿ ನೀರು ನಿಲ್ಲಿಸಿದರು. ಅದೇ ಸೆಪ್ಟೆಂಬರಿನಲ್ಲಿ ಮಳೆ ದಯೆ ತೋರಿ ಜಲಾಶಯ ಮತ್ತೆ ತುಂಬಿತು. ಮರುವರ್ಷ, ಗೇಟುಗಳ ಸ್ಥಿತಿ ನೋಡಿ, ಸಂಗ್ರಹವನ್ನು 80 ಟಿಎಂಸಿಗೆ ಮಿತಿಗೊಳಿಸಿದರು.

ಅಂದು ಕಟ್ಟೆ ಅಲುಗಲಿಲ್ಲ. ಏಳು ದಶಕದ ಕಲ್ಲಿನ ಗೋಡೆಗೆ ಏನೂ ಆಗಲಿಲ್ಲ. ಹೋದದ್ದು ಒಂದು ಚೈನ್. ಕೋಟೆಯಂಥ ಗೋಡೆಯನ್ನು ಎಲ್ಲರೂ ಫೋಟೊ ತೆಗೆಯುತ್ತಾರೆ. ಚೈನಿನ ಕೊಂಡಿಗೆ ಗ್ರೀಸು ಹಚ್ಚಿ ಸವೆತ ನೋಡುವವನ ಫೋಟೊ ಯಾರೂ ತೆಗೆಯುವುದಿಲ್ಲ. ಶೀಲವಂತರೆಂದು ಹೆಸರಾದವರ ಪತನವನ್ನು ನೋಡಿದಾಗಲೂ ನಮಗೆ ಹೀಗೆಯೇ ಅನ್ನಿಸಿದೆ. ದೊಡ್ಡ ಗುಣಗಳೆಲ್ಲ ಇದ್ದಲ್ಲೇ ಇರುತ್ತವೆ. ದಿನವೂ ನೋಡಬೇಕಾಗಿದ್ದ, ಯಾರಿಗೂ ಕಾಣದ ಒಂದು ಸಣ್ಣ ಲೆಕ್ಕ, ಒಂದು ಸಣ್ಣ ಸುಳ್ಳು, ವರ್ಷಗಟ್ಟಲೆ ನೋಡದೆ ಬಿಟ್ಟದ್ದು, ತುಂಬಿದ ಹೊಳೆಯ ದಿನವೇ ತುಂಡಾಗುತ್ತದೆ.

ಈ ನೀರಿನ ಬಗ್ಗೆ ಕಹಿಯಾದ ಇನ್ನೊಂದು ಮಾತನ್ನೂ ಹೇಳಬೇಕು. ಓದುಗರಲ್ಲಿ ನಾಲೆಯ ಮೇಲ್ಭಾಗದವರಿದ್ದರೆ ಕ್ಷಮಿಸಲಿ. ತುಂಗಭದ್ರಾ ಎಡದಂಡೆ ಕಾಲುವೆಯನ್ನು ಯೋಜಿಸಿದ್ದು ಬರಗಾಲದ ಸೀಮೆಯ ಹೆಚ್ಚು ಜನರಿಗೆ ಸ್ವಲ್ಪ ಸ್ವಲ್ಪ ನೀರು ಸಿಗಲಿ ಎಂದು. ಬಹುಪಾಲು ಜೋಳ, ಹತ್ತಿ, ಶೇಂಗಾದಂಥ ಬೆಳೆಗಳಿಗೆ. ಭತ್ತಕ್ಕೆಂದು ಗುರುತಿಸಿದ ನೆಲ ಸ್ವಲ್ಪವೇ. ಆದರೆ ನೀರು ಕಂಡವರು ಭತ್ತ ನಾಟಿದರು. ಭತ್ತ ಲಾಭ ತಂದಿತು, ಸಿಂಧನೂರು ಭತ್ತದ ಕಣಜವೆಂದು ಹೆಸರಾಯಿತು, ಅಕ್ಕಿ ಗಿರಣಿಗಳು ಎದ್ದವು. ಅದೇ ಹೊತ್ತಿಗೆ ಕಾಲುವೆಯ ಕೊನೆಯ ಭಾಗದ ಮಾನ್ವಿ, ರಾಯಚೂರು ಕಡೆಯ ಹೊಲಗಳಿಗೆ ನೀರು ತಲುಪದಾಯಿತು. ಮೇಲ್ಭಾಗದಲ್ಲೂ ಎಷ್ಟೋ ಹೊಲಗಳು ನೀರು ನಿಂತು ಸವುಳಾದವು. ನೀರು ಹೆಚ್ಚಾದವನ ನೆಲವೂ ಹೋಯಿತು, ನೀರಿಲ್ಲದವನ ಬೆಳೆಯೂ ಹೋಯಿತು. ಪ್ರತಿ ವರ್ಷ ನಾಲೆಯ ದಡದಲ್ಲಿ ಜಗಳ, ರಸ್ತೆ ತಡೆ. ಒಂದು ಸಮಾಜದ ಸ್ಥಿರತೆ ಒಡೆಯುವುದೂ ಕಿಟಕಿಯ ಮೂಲೆಯಿಂದಲೇ: ಒಂದು ತುದಿ ಊದಿಕೊಂಡು ಇನ್ನೊಂದು ತುದಿ ಒಣಗಿದಾಗ.

ಎಷ್ಟು ಸಾಕು ಎಂಬ ಪ್ರಶ್ನೆಗೆ ಲಿಂಗಸುಗೂರು ತಾಲೂಕು ಎಂಟು ಶತಮಾನಗಳ ಹಿಂದೆಯೇ ಒಂದು ಉತ್ತರ ಕೊಟ್ಟಿದೆ. ಗುರುಗುಂಟದ ಬಳಿಯ ಅಮರೇಶ್ವರದವರೆಂದು ಹೇಳಲಾಗುವ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಗಳು 12ನೆಯ ಶತಮಾನದಲ್ಲಿ ಕಲ್ಯಾಣಕ್ಕೆ ಹೋಗಿ ಶರಣರ ಜೊತೆ ಬಾಳಿದವರು. ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಬಿದ್ದಿತ್ತು, ಬಸವಣ್ಣನವರೇ ಬೇಕೆಂದು ಚೆಲ್ಲಿಸಿದ್ದರೆಂದು ಕಥೆ. ಮಾರಯ್ಯ ಸಂತೋಷದಿಂದ ಎಲ್ಲವನ್ನೂ ಆಯ್ದು ತಂದ. ಲಕ್ಕಮ್ಮ ನೋಡಿದಳು. ಇಷ್ಟೇಕೆ, ನಮಗೆ ಬೇಕಾದದ್ದಕ್ಕಿಂತ ಹೆಚ್ಚಾದದ್ದನ್ನು ಎಲ್ಲಿಂದ ತಂದೆಯೋ ಅಲ್ಲಿಯೇ ಸುರಿದು ಬಾ ಎಂದು ಗಂಡನನ್ನು ಹಿಂದಕ್ಕೆ ಕಳಿಸಿದಳು. ಆಸೆ ರಾಜರಿಗಿರಬಹುದು, ಶಿವಭಕ್ತರಿಗೆ ಯಾಕೆ ಎಂಬುದು ಅವಳ ನಿಲುವು.

ಆ ಮನೆಯಲ್ಲಿ ಅಕ್ಕಿ ಕಡಿಮೆ ಇತ್ತು. ಅಲುಗಾಟವೂ ಕಡಿಮೆ ಇತ್ತು. ಲಕ್ಕಮ್ಮ ಗಂಡನನ್ನು ಬೈದು ಮೂಲೆಗೆ ತಳ್ಳಲಿಲ್ಲ ಎಂಬುದನ್ನೂ ನೋಡಬೇಕು. ಅವನ ಹಿಗ್ಗಿಗೆ ಮೂರು ಇಂಚು ಜಾಗ ಬಿಟ್ಟಳು, ಅಳತೆಯನ್ನು ಮಾತ್ರ ಬಿಡಲಿಲ್ಲ. ಶರಣರು ಸ್ಥಾವರಕ್ಕಿಂತ ಜಂಗಮವನ್ನೇ ದೊಡ್ಡದೆಂದವರು. ನಡೆಯುತ್ತಲೇ ಸ್ಥಿರವಾಗಿರುವುದು ಹೇಗೆಂದು ಕೇಳುವವರಿಗೆ, ಹೆಚ್ಚಿನ ಅಕ್ಕಿಯನ್ನು ಹೊತ್ತು ಅದೇ ದಾರಿಯಲ್ಲಿ ಹಿಂದಕ್ಕೆ ನಡೆಯುತ್ತಿರುವ ಮಾರಯ್ಯನನ್ನು ತೋರಿಸಬಹುದು.

ಮತ್ತೆ ಆ ಅಣ್ಣತಮ್ಮಂದಿರ ಮನೆಗೆ ಬರೋಣ. ಕಳೆದ ವರ್ಷ ಅಣ್ಣ ನಮ್ಮಲ್ಲಿಗೆ ಬಂದು ಬಹಳ ಹೊತ್ತು ಸುಮ್ಮನೆ ಕುಳಿತಿದ್ದ. ಆಮೇಲೆ ಹೇಳಿದ: ಬುನಾದಿಯನ್ನು ಗಟ್ಟಿ ನೆಲ ಸಿಗುವವರೆಗೆ ತೋಡಬೇಕೆಂದು ಗೌಂಡಿ ಹೇಳಿಯೇ ಇದ್ದ. ಎರಡು ಅಡಿ ಉಳಿದಿದ್ದಾಗ ತಾನೇ ನಿಲ್ಲಿಸಿದ್ದು. ಉಳಿದ ಹಣದಲ್ಲಿ ಪೋರ್ಟಿಕೊ ಆಯಿತು. ನೆಲದ ಒಳಗಿನದನ್ನು ಯಾರು ನೋಡುತ್ತಾರೆ, ಪೋರ್ಟಿಕೊ ಆದರೆ ಊರೆಲ್ಲ ನೋಡುತ್ತದೆ ಎಂದುಕೊಂಡಿದ್ದೆ ಎಂದ. "ಇದನ್ನು ತಮ್ಮನಿಗೆ ಹೇಳಿದ್ದೀಯಾ?" ಎಂದು ಕೇಳಿದೆವು. ಇಲ್ಲ ಎಂದ. ಬಾಗಿಲವರೆಗೆ ಹೋದವನು ತಿರುಗಿ ಬಂದು, ನಮ್ಮ ಎದುರಿಗೇ ಫೋನ್ ಮಾಡಿದ. ನಾವು ಹೊರಗೆ ಬಂದು ನಿಂತೆವು.

ಈಗ ಅಲ್ಲಿ ದುರಸ್ತಿ ನಡೆದಿದೆ. ಗೋಡೆಯ ಸುತ್ತ ತೋಡಿ ಗರಸು ತುಂಬಿಸಿದ್ದಾರೆ, ಸ್ನಾನದ ಮನೆಯ ನೀರನ್ನು ಪೈಪಿನಲ್ಲಿ ದೂರ ಸಾಗಿಸಿದ್ದಾರೆ, ದಾಸವಾಳವನ್ನು ಕಿತ್ತು ಬೇರೆ ಕಡೆ ನೆಟ್ಟಿದ್ದಾರೆ. ಬಿರುಕನ್ನು ಮಾತ್ರ ಇನ್ನೂ ಮುಚ್ಚಿಲ್ಲ. ಅದಕ್ಕೆ ಅಡ್ಡಲಾಗಿ ಗೌಂಡಿ ತೆಳುವಾದ ಗಾಜಿನ ಪಟ್ಟಿಯೊಂದನ್ನು ಎರಡೂ ಕಡೆ ಸಿಮೆಂಟಿನಿಂದ ಅಂಟಿಸಿ, ಪಕ್ಕದಲ್ಲಿ ಪೆನ್ಸಿಲಿನಿಂದ ತಾರೀಖು ಬರೆದಿದ್ದಾನೆ. ಗೋಡೆ ಇನ್ನೂ ಅಲುಗುತ್ತಿದ್ದರೆ ಗಾಜು ಒಡೆಯುತ್ತದಂತೆ. ಒಂದು ಮಳೆಗಾಲ, ಒಂದು ಬೇಸಿಗೆ ಕಳೆಯಬೇಕು, ಅಲ್ಲಿಯವರೆಗೆ ಸುಣ್ಣ ಬಳಿಯಬೇಡಿ ಎಂದಿದ್ದಾನೆ. ದೀಪಾವಳಿಗೆ ಬಂದ ತಮ್ಮ ಚಪ್ಪಲಿ ಬಿಡುವ ಮುಂಚೆಯೇ ಕೋಣೆಗೆ ಹೋಗಿ ಗಾಜನ್ನು ಮುಟ್ಟಿ ನೋಡಿದನೆಂದು ತಾಯಿ ಹೇಳಿದರು.